ಹಳೇ ಸ್ಟೀರಿಯೊಗೆ ಹೊಸ ‘ಡ್ಯಾಕ್’ ಬೇಕೇ?

ಅಪ್ಪ ಎಷ್ಟೋ ವರ್ಷಗಳ ಹಿಂದೆ ಆಸೆಪಟ್ಟು ತಂದ ಆಂಪ್ಲಿಫೈಯರು, ಜೊತೆಗೆ ಎರಡು ದೊಡ್ಡ ಸ್ಪೀಕರುಗಳು ಪಡಸಾಲೆಯ ಮೂಲೆ ಹಿಡಿದು ಕುಳಿತಿವೆ. ಬೈಲಹೊಂಗಲವಿರಲಿ, ಕಿತ್ತೂರಿರಲಿ, ಇಂಥ ಮನೆಗಳಿಗೆ ಬರವಿಲ್ಲ. ಒಂದು ಕಾಲಕ್ಕೆ ಅವುಗಳಲ್ಲಿ ಬೈಲಹೊಂಗಲದ ಕಥೆಯೇ ಆದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಹಾಡು, ಸವದತ್ತಿ ಎಲ್ಲಮ್ಮನ ಚೌಡಕಿ ಪದ, ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ಕೇಳಿಬರುತ್ತಿದ್ದವು. ಈಗ ಹಾಡುಗಳೆಲ್ಲ ಫೋನು ಸೇರಿವೆ. ‘ಅಪ್ಪಾ, ಒಂದು ಡ್ಯಾಕ್ ಕೊಡಸ್ರಿ, ಹಳೇ ಸ್ಟೀರಿಯೊ ಹೊಸಾದಾಗತೈತಿ’ ಎಂದು ಕಾಲೇಜಿಗೆ ಹೋಗುವ ಮಗನ ಬೇಡಿಕೆ. ‘ಅದೇನಪಾ, ಮತ್ತೊಂದು ಖರ್ಚು?’ ಎಂದು ಅಪ್ಪನ ಪ್ರಶ್ನೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಡ್ಯಾಕ್ ಎಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಅಂಕಿಗಳನ್ನು ಮರಳಿ ನಾದದ ಅಲೆಯಾಗಿಸುವ ಸಾಧನ.

ನದಿಯೂ ನಾದವೂ

ಸವದತ್ತಿ ಸಮೀಪದ ನವಿಲುತೀರ್ಥ ಜಲಾಶಯದ ನೀರಿನ ಮಟ್ಟವನ್ನು ಅಳೆದು ಬರೆದಿಡುತ್ತಾರೆ. ಕೆಳಗೆ ಮಲಪ್ರಭೆಯ ದಂಡೆಯಲ್ಲಿರುವ ರಾಮದುರ್ಗದವರಿಗೆ ಆ ಅಂಕಿಗಳ ಬೆಲೆ ಗೊತ್ತು. 2019ರ ಆಗಸ್ಟ್ ತಿಂಗಳ ನೆರೆ ಅದನ್ನು ಕಲಿಸಿದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಆದರೂ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ನಯವಾದ ಗೆರೆ ಎಳೆದರೆ ಅದರ ಏರಿಳಿತ ಕಣ್ಣೆದುರು ಮೂಡುತ್ತದೆ.

ಡಿಜಿಟಲ್ ಧ್ವನಿಯ ಗುಟ್ಟೂ ಇದೇ. ಸಿ.ಡಿ.ಗಾಗಿ ನಾದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯಲಾಗುತ್ತದೆ. ಅಳತೆಗೋಲಿನಲ್ಲಿರುವ ಮಟ್ಟಗಳು 65,536. ಮನುಷ್ಯನ ಕಿವಿ ಕೇಳಬಲ್ಲದ್ದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದಿಟ್ಟರೆ ಅಲೆಯನ್ನು ಮತ್ತೆ ಕಟ್ಟಬಹುದು ಎನ್ನುತ್ತದೆ ಗಣಿತ. ಆ ನಯವಾದ ಗೆರೆ ಎಳೆಯುವ ಕೆಲಸ ಡ್ಯಾಕ್‌ನದು.

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಡ್ಯಾಕ್ ಪ್ಲೇಯರಿನ ಹೊಟ್ಟೆಯೊಳಗೇ ಇತ್ತು. ಇಂದು ಫೋನು, ಟಿ.ವಿ., ಬ್ಲೂಟೂತ್ ಸ್ಪೀಕರು ಎಲ್ಲದರಲ್ಲೂ ಅದು ಇದ್ದೇ ಇದೆ. ಇಲ್ಲದಿದ್ದರೆ ಅವು ಮಾತೇ ಆಡುತ್ತಿರಲಿಲ್ಲ! ಹಾಗಾದರೆ ಬೇರೆಯದೊಂದು ಏಕೆ?

ಬೇಕಾದದ್ದು ಯಾವಾಗ?

ಹೊಸ ಟಿ.ವಿ.ಗಳಲ್ಲಿ ಹಲವಕ್ಕೆ ಹಳೆಯ ಆಂಪ್ಲಿಫೈಯರಿಗೆ ಹೊಂದುವ ಕಿಂಡಿ ಇರುವುದಿಲ್ಲ. ಆಪ್ಟಿಕಲ್ ಕಿಂಡಿ ಮಾತ್ರ ಇರುತ್ತದೆ. ಅಲ್ಲಿ ಡ್ಯಾಕ್ ಬೇಕೇ ಬೇಕು. ಜೋಡಿಸಿದ ಮೇಲೆ ಟಿ.ವಿ.ಯ ಧ್ವನಿ ಆಯ್ಕೆಯನ್ನು ‘ಪಿ.ಸಿ.ಎಂ.’ಗೆ ಇಡುವುದನ್ನು ಮರೆಯಬಾರದು. ಇಯರ್‌ಫೋನ್ ತೂತಿಲ್ಲದ ಫೋನಿಗೂ ಅದು ನೆರವಾಗುತ್ತದೆ. ಕಂಪ್ಯೂಟರಿನೊಳಗಿನ ವಿದ್ಯುತ್ ಗದ್ದಲ ಸ್ಪೀಕರಿನಲ್ಲಿ ‘ಸುಂಯ್’ ಎಂದು ಕೇಳುತ್ತಿದ್ದರೆ, ಹೊರಗಿನ ಡ್ಯಾಕ್ ಅದನ್ನು ತಗ್ಗಿಸಬಹುದು.

ಆದರೆ ಅಳೆಯುವಾಗಲೇ ತಪ್ಪಿದ್ದನ್ನು ಗೆರೆ ಎಳೆಯುವವನು ತಿದ್ದಲಾರ. ಕಿತ್ತೂರು ಉತ್ಸವದ ಜನಜಂಗುಳಿಯಲ್ಲಿ ಫೋನಿನಿಂದ ಹಿಡಿದ ಹಾಡು, ಸವೆದ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಚೌಡಕಿ ಪದ ಎಂಥ ದುಬಾರಿ ಡ್ಯಾಕ್‌ನಿಂದಲೂ ತಿಳಿಯಾಗವು. ಹರಿದ ಸ್ಪೀಕರು, ಸರಿಯಿಲ್ಲದ ಅರ್ಥಿಂಗ್ ಇದ್ದರೆ ಮೊದಲು ಅವುಗಳ ದುರಸ್ತಿಯಾಗಬೇಕು.

ಮನೆಯಲ್ಲೇ ಪರೀಕ್ಷೆ

ಈಗಿರುವ ಉಪಕರಣದಿಂದಲೇ ಹಾಡು ಬರುತ್ತಿದ್ದು, ‘ಇನ್ನೂ ಚೆನ್ನಾಗಿ ಕೇಳಿಸೀತು’ ಎಂಬ ಆಸೆಯಷ್ಟೇ ಇದ್ದರೆ? ಕೊಳ್ಳುವ ಮುಂಚೆ ಗೆಳೆಯರಿಂದ ಒಂದು ಡ್ಯಾಕ್ ಕಡ ತರಬೇಕು. ಒಂದೇ ಹಾಡನ್ನು ಅದರ ಮೂಲಕ ಒಮ್ಮೆ, ಅದಿಲ್ಲದೆ ಒಮ್ಮೆ ಕೇಳಿ ವ್ಯತ್ಯಾಸ ಗುರುತಿಸಿಕೊಳ್ಳಬೇಕು. ಎರಡರ ಸದ್ದೂ ಸರಿಸಮ ಇರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆಮೇಲೆ ಕೇಳುವವರು ಬೆನ್ನು ತಿರುಗಿಸಿ ಕೂಡಬೇಕು. ತಂಗಿ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಜೋಡಣೆ ಬದಲಿಸುತ್ತ 10 ಸಲ ಕೇಳಿಸಲಿ. ಪ್ರತಿ ಸಲವೂ ‘ಇದು ಯಾವುದು?’ ಎಂಬುದಕ್ಕೆ ಉತ್ತರ ಬರೆದಿಡಬೇಕು.

ಬರಿಯ ಊಹೆಯಿಂದಲೇ ಸರಾಸರಿ 5 ಉತ್ತರ ಸರಿಯಾಗುತ್ತವೆ. 9 ಅಥವಾ 10 ಸರಿಯಾಗುವ ಸಂಭವ 1,024ರಲ್ಲಿ 11 ಮಾತ್ರ. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಅಷ್ಟು ಅಂಕ ಬಂದರೆ ಮಗ ಕೇಳುತ್ತಿರುವ ವ್ಯತ್ಯಾಸ ಬರೀ ಭ್ರಮೆ ಇರಲಾರದು. ಅದು ಹಣ ಹಾಕುವಷ್ಟು ದೊಡ್ಡದೇ ಎಂಬುದನ್ನು ಮನೆಮಂದಿ ಕೂಡಿ ತೀರ್ಮಾನಿಸಲಿ. ಐದಾರಕ್ಕೇ ನಿಂತರೆ ಹಣ ಗಂಟಿನಲ್ಲೇ ಉಳಿಯಲಿ. ಯಾವುದಾದರೂ ಸರಿ, ಮೂಲೆ ಹಿಡಿದಿದ್ದ ಸ್ಟೀರಿಯೊದ ಮುಂದೆ ಅಪ್ಪ, ಮಕ್ಕಳು ಒಟ್ಟಿಗೆ ಕುಳಿತು ಹತ್ತು ಸಲ ಹಾಡು ಕೇಳಿದಂತಾಯಿತು. ಅದಕ್ಕೆ ಖರ್ಚೇನೂ ಇಲ್ಲವಲ್ಲ!