ಸೂಜಿಗಿಂತ ಚೂಪು ಅಪ್ಪ-ಅಮ್ಮನ ಬೆದರಿಕೆ!

ಹಾಸನ: ಗುರುವಾರ ನಮ್ಮ ಹಳ್ಳಿಗಳಲ್ಲಿ ಲಸಿಕೆ ದಿನ. ಹೊಳೆನರಸೀಪುರದ ಕಡೆ ಹೋಗಿ, ಅರಕಲಗೂಡಿನ ಕಡೆ ಹೋಗಿ, ಚನ್ನರಾಯಪಟ್ಟಣದ ಕಡೆ ಹೋಗಿ, ಮಕ್ಕಳ ಅಳು ಬೀದಿಗೆ ಕೇಳುತ್ತದೆ. ಚುಚ್ಚಿದ ಮೇಲೆ ಅಳುವುದಲ್ಲ ಸ್ವಾಮಿ, ಸಿಸ್ಟರ್ ಕೈಯಲ್ಲಿ ಸಿರಿಂಜು ಕಂಡ ಕೂಡಲೇ!

ಕಾರಣ ಮನೆಯಲ್ಲೇ ಇದೆ. ಊಟ ಬೇಡ ಅಂದ ಮಗುವಿಗೆ ನಾವು ಹೇಳೋದೇನು? “ಸುಮ್ನೆ ತಿಂತೀಯೋ, ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ಲೋ?” ಅದೇ ತಾಯಿ ಆಸ್ಪತ್ರೆಯಲ್ಲಿ, “ಏನೂ ನೋಯಲ್ಲ ಕಂದ” ಅನ್ನುತ್ತಾಳೆ. ನೋಯುತ್ತೆ. ಮುಂದಿನ ಸಲ ಮಗು ಅಮ್ಮನನ್ನೂ ನಂಬೋಲ್ಲ. ಈ ರಂಪಕ್ಕೆ ಹೆದರಿ 6, 10, 14ನೇ ವಾರದ್ದು ಹಾಕಿಸಿ, 9 ತಿಂಗಳ ದಡಾರದ ಲಸಿಕೆಗೆ ಕೈಕೊಡುವವರೂ ಉಂಟು.

ಉಪಾಯ ದುಬಾರಿಯದಲ್ಲ. ಮಗುವಿನ ಗಮನ ಬೇರೆ ಕಡೆ ಎಳೆಯಬೇಕು, ಅಷ್ಟೆ. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಗೇಟಿದೆ ಎಂದು 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಹೇಳಿದರು. ರೈಲ್ವೆ ಗೇಟು ಅಂದುಕೊಳ್ಳಿ. ಮನಸ್ಸು ಬೇರೆ ಕಡೆ ಇದ್ದರೆ ಗೇಟು ಅರ್ಧ ಇಳಿಯುತ್ತೆ. 6 ವರ್ಷದೊಳಗಿನ ಮಕ್ಕಳಿಗೆ ಹೀಗೇ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಹೇಳಿದೆ. ಹಸುಗೂಸಿಗೆ ಚುಚ್ಚುವಾಗಲೇ ಎದೆಹಾಲು ಕೊಡಬಹುದು. ಮಲಗಿಸಿ ಅದುಮಿ ಹಿಡಿಯಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಿ.

ಮೂರು ವರ್ಷದವನ ಕೈಗೆ ಜಾತ್ರೆಯ ಕಾಗದದ ಗಿರಗಿಟ್ಲೆ ಕೊಟ್ಟು ಊದಿಸಿ. ಸೋಪಿನ ಗುಳ್ಳೆಯೂ ಆದೀತು. ಶಾಲೆಗೆ ಹೋಗುವವಳನ್ನು, “ಹಾಸನದಿಂದ ಹೊಳೆನರಸೀಪುರಕ್ಕೆ ಹೋಗೋವಾಗ ಯಾವ್ಯಾವ ಊರು ಸಿಗುತ್ತೆ, ಹೇಳು” ಅನ್ನಿ. ಮೊಬೈಲೂ ಆಗುತ್ತೆ. ಆದರೆ ಅದನ್ನು ನೋಡಬೇಕಾದದ್ದು ಮಗು, ಅಪ್ಪ ಅಲ್ಲ!

ನಾಯಿ ಕಚ್ಚಿದ ಮಕ್ಕಳ ಪಾಡು ಇನ್ನೂ ಕಷ್ಟ. “ಹೊಕ್ಕಳ ಸುತ್ತ 14 ಸೂಜಿ” ಅಂತ ಅಜ್ಜಂದಿರು ಈಗಲೂ ನಡುಗಿಸುತ್ತಾರೆ. ಆ ಹಳೇ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ಕ್ಕೇ ನಿಂತುಹೋಯಿತು. ಈಗ ಹೊಟ್ಟೆಗಲ್ಲ, ತೋಳಿಗೆ. ಪುಟ್ಟ ಮಕ್ಕಳಿಗೆ ತೊಡೆಗೆ. ನಾಲ್ಕೈದು ಸಲ ಹೋದರೆ ಮುಗಿಯಿತು. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಒಂದು ಮದ್ದು ಚುಚ್ಚುತ್ತಾರೆ, ಅದು ನಿಜಕ್ಕೂ ನೋಯುತ್ತೆ. ಅಲ್ಲಿ ಗಿರಗಿಟ್ಲೆ, ಕಥೆ, ಮೊಬೈಲು ಎಲ್ಲವೂ ಬೇಕು. ಅಳುತ್ತಾನೆ ಅಂತ ಒಂದು ಸಲವೂ ತಪ್ಪಿಸುವಂತಿಲ್ಲ. ಹುಚ್ಚುನಾಯಿ ರೋಗ ಹತ್ತಿದ ಮೇಲೆ ಉಳಿಸುವ ಔಷಧ ಇಲ್ಲ.

ಎದುರಿಗೆ ಸಾಲು ನಿಂತಿರುವಾಗ ಸಿಸ್ಟರ್‌ಗೆ ಇದಕ್ಕೆಲ್ಲ ಪುರುಸೊತ್ತಿರೋಲ್ಲ, ತಂದೆ-ತಾಯಿಯೇ ಮಾಡಬೇಕು. “ಒಂದು ಚಣ ಚುರ್ ಅನ್ನುತ್ತೆ, ಆಮೇಲೆ ಹೋಗುತ್ತೆ” ಅಂತ ಇದ್ದದ್ದು ಇದ್ದಂತೆ ಹೇಳಿ, ಸೂಜಿ ಹೊರಗೆ ತೆಗೆಯುವ ಮೊದಲೇ ಆಟ ಶುರು ಮಾಡಿ.