ಅಂಜುಕುಳಿ ಬೆಕ್ಕಿಗೆ ಹೊಸ ಮನೆ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿರುವ ಊರುಗಳು. ಲಿಂಗಸುಗೂರಿನ ಕಡೆ ಜೋಳ, ತೊಗರಿಗಳ ಹೊಲಗಳು. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಭತ್ತದ ಗದ್ದೆಗಳು. ಧಾನ್ಯ ಯಾವುದಾದರೇನು, ಅದು ರಾಶಿಬಿದ್ದಲ್ಲಿಗೆ ಇಲಿ ಬರುತ್ತದೆ. ಇಲಿ ಬಂದಲ್ಲಿಗೆ ಬೆಕ್ಕು ಬರುತ್ತದೆ. ಅಕ್ಕಿಯ ಗಿರಣಿ, ಮಾರುಕಟ್ಟೆಯ ಉಗ್ರಾಣ, ಹುಲ್ಲಿನ ಬಣವೆ, ಅರ್ಧ ಕಟ್ಟಿ ನಿಲ್ಲಿಸಿದ ಮನೆ, ಇಂತಹ ಎಡೆಗಳಲ್ಲಿ ಹುಟ್ಟಿದ ಬೆಕ್ಕು ಗಾಯಗೊಂಡೋ, ತಾಯಿಯನ್ನು ಕಳೆದುಕೊಂಡೋ ಬಿದ್ದಿರುವುದನ್ನು ಕಂಡು ಕನಿಕರವುಳ್ಳವರು ಮನೆಗೆ ತರುವುದುಂಟು.

ಆಮೇಲೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ ಬಗೆ. ಚೀಲದ ಬಾಯಿ ಬಿಚ್ಚಿದೊಡನೆ ಬೆಕ್ಕು ಬಾಣದಂತೆ ಚಿಮ್ಮಿ ಮಂಚದ ಕೆಳಗೋ ಅಟ್ಟದ ಮೂಲೆಗೋ ಸೇರುತ್ತದೆ. ಇಟ್ಟ ಹಾಲನ್ನು ಮೂಸುವುದಿಲ್ಲ. ಕೈಚಾಚಿದರೆ ಬುಸುಗುಟ್ಟಿ ಪರಚುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ, "ಇದು ಒಗ್ಗುವ ಜಾತಿಯಲ್ಲ, ಉಪಕಾರ ಅರಿಯದ ಪ್ರಾಣಿ" ಎಂಬ ತೀರ್ಪು ಹೊರಬೀಳುತ್ತದೆ. ಮತ್ತೆ ಬೀದಿಯ ಪಾಲಾದ ಅಂತಹ ಬೆಕ್ಕು, ಪರಿಚಯವಿಲ್ಲದ ಕೇರಿಯಲ್ಲಿ ನಾಯಿಗಳ ನಡುವೆ ಬಹುಕಾಲ ಬದುಕುವುದು ಕಷ್ಟ. ಹೀಗಿರಲು, ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಿಜ್ಞಾನದ ಬೆಳಕಿನಲ್ಲಿ ವಿಚಾರಿಸಿ ನೋಡೋಣ.

ಕಣಜದ ಒಂಟಿ ಕಾವಲುಗಾರ

ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕಗಳ ಒಂದು ಕಾಡುಬೆಕ್ಕಿನ ವಂಶ ಎಂಬುದು 2007ರಲ್ಲಿ ಪ್ರಕಟವಾದ ಅನುವಂಶೀಯ ಪರೀಕ್ಷೆಗಳಿಂದ ಖಚಿತವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿ 2004ರಲ್ಲಿ ಹೊರಬಂದಿತು. ಮನುಷ್ಯ ಧಾನ್ಯ ಬೆಳೆದು ಕೂಡಿಡತೊಡಗಿದಾಗ ಇಲಿಗಳನ್ನು ಅರಸಿ ಬೆಕ್ಕು ತಾನಾಗಿಯೇ ಊರ ಅಂಚಿಗೆ ಬಂದಿರಬೇಕೆಂಬುದು ವಿದ್ವಾಂಸರ ಊಹೆ.

ನಾಯಿಯ ಪೂರ್ವಜವಾದ ತೋಳ ಹಿಂಡಿನಲ್ಲಿ ಬಾಳುವ ಪ್ರಾಣಿ. ಹಿಂಡು ಎಲ್ಲಿದೆಯೋ ಅಲ್ಲಿಯೇ ಅದಕ್ಕೆ ಮನೆ. ಬೆಕ್ಕಿನ ಪೂರ್ವಜ ಹಾಗಲ್ಲ. ಅದು ಒಂಟಿಯಾಗಿ ಬೇಟೆಯಾಡುತ್ತಿದ್ದ ಪ್ರಾಣಿ. ಅಪಾಯ ಬಂದರೆ ಅದಕ್ಕೆ ನೆರವಾಗಲು ಬಳಗವಿಲ್ಲ; ತಾನು ಇಂಚಿಂಚಾಗಿ ಬಲ್ಲ ನೆಲವೊಂದೇ ಅದರ ರಕ್ಷೆ. ಯಾವ ಸಂದಿಯಲ್ಲಿ ನುಸುಳಬಹುದು, ಯಾವ ಗೋಡೆಯನ್ನು ಏರಬಹುದು ಎಂಬ ತಿಳಿವಳಿಕೆಯೇ ಅದರ ಆಸ್ತಿ. "ನಾಯಿ ಜನವನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ" ಎಂದು ನಮ್ಮ ಹಿರಿಯರು ಆಡುವ ಮಾತಿನಲ್ಲಿ ಈ ಸತ್ಯವೇ ಅಡಗಿದೆ. ಆದುದರಿಂದ ಚೀಲದಲ್ಲಿ ತುಂಬಿ ತಂದ ಬೆಕ್ಕು ಒಮ್ಮೆಗೇ ತನ್ನ ಸರ್ವಸ್ವವನ್ನೂ ಕಳೆದುಕೊಂಡಿರುತ್ತದೆ. ನಾವು ಅದನ್ನು ಉಳಿಸಿದೆವೆಂದು ತಿಳಿಯುತ್ತೇವೆ; ಅದಾದರೋ ತಾನು ಸೆರೆಯಾದೆನೆಂದು ತಿಳಿಯುತ್ತದೆ.

ಭಯದ ಪಾಠ ಕಲಿಸಿದ ಬೆಕ್ಕು

ಭಯಗೊಂಡ ಶರೀರದೊಳಗೆ ಏನೇನು ನಡೆಯುತ್ತದೆಂಬುದನ್ನು ಮನುಷ್ಯ ಅರಿತದ್ದು ಬಹುಮಟ್ಟಿಗೆ ಬೆಕ್ಕಿನಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ರಾಂಟ್‌ಜನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಒಂದೆರಡು ವರ್ಷಗಳಲ್ಲಿ, ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಆ ಕಿರಣಗಳ ಸಹಾಯದಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡತೊಡಗಿದನು. ಬಿಸ್ಮತ್ ಲವಣ ಬೆರೆಸಿದ ಆಹಾರ ಜಠರದಲ್ಲಿ ಅಲೆಅಲೆಯಾಗಿ ಸಾಗುವುದು ಪರದೆಯ ಮೇಲೆ ಕಾಣುತ್ತಿತ್ತು. ಆದರೆ ಬೆಕ್ಕು ಗಾಬರಿಗೊಂಡಿತೆಂದರೆ ಆ ಅಲೆಗಳು ತಟಕ್ಕನೆ ನಿಂತುಬಿಡುತ್ತಿದ್ದವು; ಅದು ಶಾಂತವಾದ ಮೇಲೆ ಮತ್ತೆ ತೋರುತ್ತಿದ್ದವು.

ಕ್ಯಾನನ್ ಇದನ್ನು ಅಲ್ಲಿಗೇ ಬಿಡಲಿಲ್ಲ. ಬೊಗಳುವ ನಾಯಿಯನ್ನು ಕಂಡು ಬೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲೀನ್ ಸೇರುತ್ತದೆಂಬುದನ್ನು 1911ರಲ್ಲಿ ಅವನೂ ಅವನ ಸಹೋದ್ಯೋಗಿಯೂ ತೋರಿಸಿದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸುರಿಸುವ ರಸವಿದು. ಇದರ ಪ್ರಭಾವದಿಂದ ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ರೋಮ ನಿಮಿರುತ್ತದೆ, ಪಿತ್ತಜನಕಾಂಗದಿಂದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ಇಡೀ ಶರೀರ ಹೋರಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ. ಜೀರ್ಣಕ್ರಿಯೆಯಂತಹ ನಿಧಾನದ ಕೆಲಸಗಳು ನಿಲ್ಲುತ್ತವೆ. 1915ರಲ್ಲಿ ಕ್ಯಾನನ್ ಬರೆದ ಗ್ರಂಥದಿಂದ ಈ ತತ್ತ್ವ ಲೋಕಪ್ರಸಿದ್ಧವಾಯಿತು.

ಈಗ ಮಂಚದ ಕೆಳಗಿನ ಬೆಕ್ಕನ್ನು ಮತ್ತೊಮ್ಮೆ ನೋಡಿರಿ. ಅದು ಹಾಲನ್ನು ಮುಟ್ಟದಿರುವುದು ಹಟದಿಂದಲ್ಲ. ಅದರ ಜಠರವೇ ಕೆಲಸ ನಿಲ್ಲಿಸಿದೆ. ಪರಚುವುದು ದ್ವೇಷದಿಂದಲ್ಲ, ಓಡಲು ದಾರಿಯಿಲ್ಲದಾಗ ಉಳಿಯುವುದು ಹೋರಾಟವೊಂದೇ. ಹಾಗಾದರೆ ಅದಕ್ಕೆ ಬೇಕಾದುದೇನು? ಓಟ ಮುಗಿಯಿತು, ಸುರಕ್ಷಿತ ಸ್ಥಳ ದೊರೆಯಿತು ಎಂಬ ನಂಬಿಕೆ. ಆ ನಂಬಿಕೆ ಹುಟ್ಟುವುದು ಅಡಗಲು ಎಡೆ ಸಿಕ್ಕಿದಾಗ. ಆದುದರಿಂದ ಅಡಗುವುದು ರೋಗವಲ್ಲ, ಚಿಕಿತ್ಸೆ.

ಇದು ಬರಿಯ ತರ್ಕವಲ್ಲ. 2014ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಾಣಿಗಳ ಆಶ್ರಯತಾಣವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ಒಂದು ಸರಳ ಪ್ರಯೋಗದ ಫಲವನ್ನು ಪ್ರಕಟಿಸಿದರು. 10 ಬೆಕ್ಕುಗಳಿಗೆ ಅಡಗಿಕೊಳ್ಳಲು ಪೆಟ್ಟಿಗೆ ಕೊಟ್ಟಿದ್ದರು, 9ಕ್ಕೆ ಕೊಟ್ಟಿರಲಿಲ್ಲ. ಪೆಟ್ಟಿಗೆ ಪಡೆದ ಬೆಕ್ಕುಗಳ ಉದ್ವೇಗ ಬೇಗನೆ ಇಳಿಯಿತು. ಮೂರನೆಯ ಮತ್ತು ನಾಲ್ಕನೆಯ ದಿನಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅಡಗಲು ಬಿಟ್ಟರೆ ಬೆಕ್ಕು ಎಂದೆಂದಿಗೂ ಅಡಗಿಯೇ ಇರುವುದೆಂಬ ಭಯ ನಿರಾಧಾರವೆಂದಾಯಿತು.

ಒಂದು ಕೋಣೆ, ಒಂದು ಪೆಟ್ಟಿಗೆ

ಮೇಲಿನ ತತ್ತ್ವದಿಂದ ಆಚರಣೆಯ ಸೂತ್ರಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರಬಾರದು. ಅದರಲ್ಲಿ ಗಾಳಿಯಾಡದು, ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು. ಮುಚ್ಚಳವುಳ್ಳ ಬುಟ್ಟಿ ಅಥವಾ ತೂತು ಕೊರೆದ ಗಟ್ಟಿ ರಟ್ಟಿನ ಪೆಟ್ಟಿಗೆ ಮೇಲು. ಬೆಕ್ಕು ಹಿಂದೆ ಮಲಗುತ್ತಿದ್ದ ಗೋಣಿಯ ತುಂಡೋ ಬಟ್ಟೆಯೋ ಇದ್ದರೆ ಅದನ್ನೂ ಒಳಗಿಡಬೇಕು.

ಎರಡನೆಯದಾಗಿ, ಇಡೀ ಮನೆಯನ್ನು ಮೊದಲ ದಿನವೇ ಅದಕ್ಕೆ ಒಪ್ಪಿಸಬಾರದು. ಜನರ ಓಡಾಟ ಕಡಿಮೆಯಿರುವ ಒಂದು ಸಣ್ಣ ಕೋಣೆ ಸಾಕು. ತಗಡಿನ ಮಾಡಿನ ಕೆಳಗಿನ ಸುಡುವ ಕೋಣೆಯಾಗಬಾರದು. ಮಗ್ಗುಲಿಗೆ ಬಾಯಿರುವಂತೆ ಒಂದು ಪೆಟ್ಟಿಗೆಯನ್ನು ಗೋಡೆಗೊತ್ತಿ ಇಡಬೇಕು. ಬೆಕ್ಕಿಗೆ ಎತ್ತರವೂ ಧೈರ್ಯ ಕೊಡುವುದರಿಂದ ನಾಗೊಂದಿಗೆಯನ್ನು ತೆರವು ಮಾಡಿದರೆ ಇನ್ನೂ ಒಳ್ಳೆಯದು. ಒಂದು ಮೂಲೆಯಲ್ಲಿ ಆಹಾರ, ನೀರು. ದೂರದ ಮೂಲೆಯಲ್ಲಿ ಮಲಮೂತ್ರಕ್ಕಾಗಿ ಮರಳು ತುಂಬಿದ ತಟ್ಟೆ. ಎರೆಮಣ್ಣು ಒದ್ದೆಯಾದರೆ ಪಾದಕ್ಕೆ ಮೆತ್ತಿಕೊಳ್ಳುವುದರಿಂದ ಮರಳೇ ಲೇಸು.

ಬೆಕ್ಕಿನ ಲೋಕ ನಮ್ಮದಕ್ಕಿಂತ ಬೇರೆ ಎಂಬುದನ್ನೂ ನೆನಪಿಡಬೇಕು. ಸೆಕೆಂಡಿಗೆ 20,000 ಕಂಪನಗಳಾಚೆಯ ಧ್ವನಿ ನಮಗೆ ಕೇಳಿಸದು. ಬೆಕ್ಕಿಗೆ 60,000ಕ್ಕೂ ಮೇಲಿನದು ಕೇಳಿಸುತ್ತದೆ. ಕುಕ್ಕರಿನ ಸೀಟಿ, ಮಿಕ್ಸರಿನ ಗದ್ದಲಗಳು ಹೊಸ ಬೆಕ್ಕನ್ನು ಬೆಚ್ಚಿಬೀಳಿಸುವುದರಲ್ಲಿ ಆಶ್ಚರ್ಯವಿಲ್ಲ. ವಾಸನೆಯ ವಿಷಯ ಇನ್ನೂ ಮುಖ್ಯ. ಬೆಕ್ಕಿನ ಕೆನ್ನೆ, ಗಲ್ಲಗಳಲ್ಲಿ ಗಂಧಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೂ ಮಂಚದ ಕಾಲಿಗೂ ಅದು ಕೆನ್ನೆ ಉಜ್ಜುವುದು ತನ್ನ ಮುದ್ರೆ ಒತ್ತುವುದಕ್ಕಾಗಿ. ಆ ಮುದ್ರೆಗಳು ಹೆಚ್ಚಿದಷ್ಟೂ ಆ ಸ್ಥಳ ತನ್ನದೆಂಬ ಭಾವನೆ ಬಲಿಯುತ್ತದೆ. ದಿನವೂ ಫಿನಾಯಿಲ್ ಹಾಕಿ ಕೋಣೆ ತೊಳೆದರೆ ಆ ಮುದ್ರೆಗಳೆಲ್ಲ ಅಳಿಸಿಹೋಗುತ್ತವೆ. ಅಷ್ಟೇ ಅಲ್ಲ, ಫೀನಾಲ್ ಜಾತಿಯ ದ್ರವ್ಯಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹು ಕಡಿಮೆ; ಪಾದಕ್ಕಂಟಿದುದನ್ನು ನೆಕ್ಕಿದರೆ ಅಪಾಯ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕಿಗೆ ವಿಷವೇ.

ಆಹಾರದ ವಿಚಾರ

ಬೆಕ್ಕೆಂದರೆ ಹಾಲು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಮೇಲಾಗಿ, ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಎಂಬ ದ್ರವ್ಯವನ್ನು ಅದರ ಶರೀರ ಸಾಕಷ್ಟು ತಯಾರಿಸಲಾರದು. ಅದು ಮಾಂಸ, ಮೀನುಗಳಿಂದಲೇ ದೊರೆಯಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸೋಲುವುದೆಂದು 1987ರಲ್ಲಿಯೂ ತಿಳಿದುಬಂದಿತು. ಹಾಲು-ಅನ್ನ, ರೊಟ್ಟಿಗಳಲ್ಲಿ ಬೆಳೆದ ಬೆಕ್ಕುಗಳು ನಮ್ಮಲ್ಲಿ ಬದುಕಿವೆಯಲ್ಲ ಎಂದು ಕೇಳಬಹುದು. ಅವು ಹೊರಗೆ ಹೋಗಿ ಇಲಿ, ಹಕ್ಕಿಗಳನ್ನು ಹಿಡಿದು ಕೊರತೆಯನ್ನು ತುಂಬಿಕೊಳ್ಳುತ್ತವೆ. ಕೋಣೆಯಲ್ಲಿ ಕೂಡಿಹಾಕಿದ ಬೆಕ್ಕಿಗೆ ಆ ಅನುಕೂಲವಿಲ್ಲ. ಮಾಂಸ ತಾರದ ಮನೆಗಳವರು ಅಂಗಡಿಯಲ್ಲಿ ದೊರೆಯುವ, ಟಾರಿನ್ ಸೇರಿಸಿದ ಬೆಕ್ಕಿನ ಆಹಾರವನ್ನು ತರಬಹುದು.

ಮೊದಲ ದಿನ ಬೆಕ್ಕು ಉಣ್ಣದಿದ್ದರೆ ಗಾಬರಿಯಾಗಬೇಕಾಗಿಲ್ಲ; ಮನೆಯವರೆಲ್ಲ ಮಲಗಿದ ಮೇಲೆ ಬಂದು ತಿನ್ನುವುದುಂಟು. ಆದರೆ ಎರಡು ದಿನ ಪೂರ್ತಿ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಉಪವಾಸವಿದ್ದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ಶೇಖರವಾಗಿ ಆ ಅವಯವವೇ ಕೆಡುವ ಸಂಭವವುಂಟು. ಎಳೆಯ ಮರಿಯಾದರೆ ಒಂದು ದಿನವೂ ಕಾಯಬಾರದು.

ಸ್ನೇಹದ ಕ್ರಮ

ಬೆಕ್ಕನ್ನು ಎಳೆದು ಹೊರತೆಗೆಯಬಾರದು. ಅದೇ ಬರಲು ಬಿಡಬೇಕು. ದಿನವೂ ಗೊತ್ತಾದ ಹೊತ್ತಿಗೆ ಹೋಗಿ ಆಹಾರವಿಟ್ಟು, ನೆಲದ ಮೇಲೆ ಕುಳಿತು, ನಿಮ್ಮ ಪಾಠವನ್ನು ಮೆಲುದನಿಯಲ್ಲಿ ಓದಿಕೊಳ್ಳಿರಿ. ಅದನ್ನು ದಿಟ್ಟಿಸಿ ನೋಡಬೇಡಿರಿ. ಪ್ರಾಣಿಗಳ ಭಾಷೆಯಲ್ಲಿ ಅದು ಬೆದರಿಕೆ. ಬದಲಿಗೆ ಕಣ್ಣುಗಳನ್ನು ಮೆಲ್ಲಗೆ ಕಿರಿದು ಮಾಡಿ ಮುಚ್ಚಿ ತೆರೆಯಿರಿ. ಹೀಗೆ ಮಾಡಿದ ಮನುಷ್ಯರಿಗೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರಿಸುತ್ತವೆ, ಅಪರಿಚಿತರಾದರೂ ಅವರ ಬಳಿಗೆ ಬರಲು ಹೆಚ್ಚು ಒಲಿಯುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು. ಬೆಕ್ಕು ಕಣ್ಣು ಮುಚ್ಚುವುದು ಹಾಲು ಕದಿಯುವುದಕ್ಕೆ ಎಂಬುದು ಗಾದೆಯ ಮಾತು. ನಂಬಿಕೆಯನ್ನು ತೋರುವುದಕ್ಕೂ ಅದು ಕಣ್ಣು ಮುಚ್ಚುತ್ತದೆ.

ಎಷ್ಟು ಕಾಲ ಬೇಕು? ಹೊಸ ತಾಣಕ್ಕೆ ಬಂದ ಬೆಕ್ಕುಗಳನ್ನು ಗಮನಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉದ್ವೇಗ ಮೊದಲ ಕೆಲವು ದಿನಗಳಲ್ಲಿ ಬೇಗನೆಯೂ, ಆಮೇಲೆ ಎರಡು ವಾರಗಳವರೆಗೆ ನಿಧಾನವಾಗಿಯೂ ಇಳಿಯಿತು. ಆದರೆ ಎಲ್ಲ ಬೆಕ್ಕುಗಳೂ ಒಂದೇ ಅಲ್ಲ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಬೇಗ ಒಗ್ಗುತ್ತದೆಂಬುದು ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ತಿಳಿದ ಸಂಗತಿ. ಆ ಅವಧಿಯಲ್ಲಿ ಮನುಷ್ಯನ ಸ್ಪರ್ಶವನ್ನೇ ಅರಿಯದೆ ಗಿರಣಿಯ ಮೂಲೆಯಲ್ಲಿ ಬೆಳೆದು ದೊಡ್ಡದಾದ ಬೆಕ್ಕು ಮಡಿಲೇರುವ ಬೆಕ್ಕಾಗದೆ ಹೋಗಬಹುದು. ಅಂತಹದಕ್ಕೆ ಗಾಯ ಮಾಯುವವರೆಗೆ ಆರೈಕೆ ಮಾಡಿ, ಸಂತಾನಹರಣ ಮಾಡಿಸಿ, ಅದು ಬಲ್ಲ ನೆಲದಲ್ಲಿಯೇ ಬಿಡುವುದು ನಿಜವಾದ ದಯೆ.

ಒಗ್ಗುತ್ತಿರುವ ಬೆಕ್ಕನ್ನಾದರೂ ಕನಿಷ್ಠ ಎರಡು ಮೂರು ವಾರ ಹೊರಗೆ ಬಿಡಬಾರದು. ದೂರ ಒಯ್ದ ಬೆಕ್ಕು ಹಳೆಯ ನೆಲೆಗೆ ಮರಳಲು ಯತ್ನಿಸುವುದು ಎಲ್ಲರೂ ಬಲ್ಲ ಸಂಗತಿ. ಆ ದಾರಿಯಲ್ಲಿ ಹೆದ್ದಾರಿಯ ಲಾರಿಗಳಿವೆ.

ಇನ್ನೊಂದು ಎಚ್ಚರಿಕೆ. ಬೆದರಿದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಅದನ್ನು ಲಘುವಾಗಿ ಎಣಿಸಬಾರದು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ತಗುಲುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಬೆಕ್ಕಿಗೂ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಬೇಕು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ ಅಶೋಕನ ಹೆಸರನ್ನು ಹೇಳಿ ಪ್ರಸಿದ್ಧವಾದುದು. ಅದೇ ಅಶೋಕ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದಾಗಿ ಸಾರಿದ್ದಾನೆ. ಎರಡು ಚಿಕಿತ್ಸೆಗಳೂ ಒಟ್ಟಿಗೆ ಸಾಗಬೇಕೆಂಬುದಕ್ಕೆ ಈ ಲಸಿಕೆಗಳೇ ಉದಾಹರಣೆ.

ಬೆಕ್ಕನ್ನು ಮನೆಗೆ ತಂದ ವಿದ್ಯಾರ್ಥಿಗಳು ಒಂದು ಚಿಕ್ಕ ಪುಸ್ತಕವನ್ನು ಕೋಣೆಯ ಹೊರಗೆ ತೂಗುಹಾಕಲಿ. ಬೆಕ್ಕು ಎಷ್ಟು ತಿಂದಿತು, ಪೆಟ್ಟಿಗೆಯಿಂದ ಎಷ್ಟು ದೂರ ಬಂದಿತು, ಕಿವಿ ಚಪ್ಪಟೆಯಾಗಿದ್ದವೇ ನೆಟ್ಟಗಿದ್ದವೇ, ಪಾಪೆ ಹಿಗ್ಗಿತ್ತೇ ಕುಗ್ಗಿತ್ತೇ, ಇವನ್ನು ದಿನವೂ ಒಂದೇ ಹೊತ್ತಿಗೆ ಬರೆದಿಡಲಿ. ಎರಡನೆಯ ದಿನದ ಅವಸರದ ತೀರ್ಪಿಗಿಂತ ಹದಿನಾಲ್ಕನೆಯ ದಿನದ ಪುಟ ಹೆಚ್ಚು ಸತ್ಯವನ್ನು ಹೇಳುತ್ತದೆ.