ನಕ್ಷೆ ತೆರೆಯುತ್ತದೆ, ಕನ್ನಡ ತೆರೆಯುವುದಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆ ಕಟ್ಟುವಾಗ ಲೆಕ್ಕಕ್ಕೆ ಬರುವುದು ವಾಸದ ಕೋಣೆಗಳಷ್ಟೇ ಅಲ್ಲ. ತೆಂಗಿನಕಾಯಿ ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಕೂತು, ನೀರು ಇಂಗಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗಬೇಕು. ವರ್ಷದ ಫಸಲಿನ ಭಾರ ಹೊರುವ ಅಟ್ಟಕ್ಕೆ ಯಾವ ಅಳತೆಯ ತೊಲೆ, ಎಷ್ಟು ಅಂತರದ ಕಂಬ, ಗಾಳಿಯಾಡಲು ಎಲ್ಲಿ ಕಿಂಡಿ ಎಂಬುದೆಲ್ಲ ನಕ್ಷೆಗೆ ಸೇರಿದ ವಿಷಯ. ಹತ್ತು ಹದಿನೈದು ವರ್ಷದ ಮೇಲೆ ಅಟ್ಟ ತೆಗೆದು ಆರ್‌ಸಿಸಿ ಹಾಕುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ, ಬ್ಯಾಂಕಿನವರು ಸಾಲಕ್ಕೆ ದಾಖಲೆ ಕೇಳಿದಾಗಲೋ ಆ ಹಳೆಯ ನಕ್ಷೆ ಮತ್ತೆ ಬೇಕಾಗುತ್ತದೆ. ಆಗ ಸಿಡಿಯಲ್ಲಿದ್ದ ಫೈಲು ತೆರೆಯುವುದಿಲ್ಲ, ತೆರೆದರೂ ಅರ್ಧಂಬರ್ಧ. ಎಲ್ಲರೂ ಹೇಳುವುದು ಒಂದೇ ಮಾತು: ‘ವರ್ಷನ್ ಪ್ರಾಬ್ಲಂ’. ಈ ಮಾತಿನಲ್ಲಿ ನಿಜ ಇದೆ, ಆದರೆ ಸ್ವಲ್ಪವೇ. ಆವೃತ್ತಿಯ ತೊಡಕಿಗೆ ಪರಿಹಾರ ಸಿಕ್ಕಿ ಕಾಲವಾಯಿತು. ಇಂದಿಗೂ ನಮ್ಮ ನಕ್ಷೆಗಳನ್ನು ಕೆಡಿಸುತ್ತಿರುವುದು ಅವುಗಳಲ್ಲಿರುವ ಕನ್ನಡ ಬರಹದ ಸ್ಥಿತಿ. ಅದಕ್ಕೆ ಹೊರಗಿನ ಯಾವ ಕಂಪನಿಯೂ ಮದ್ದು ಕೊಡುವುದಿಲ್ಲ.

ಮೊದಲು ಆವೃತ್ತಿಯ ಕಥೆ. ಆಟೊಡೆಸ್ಕ್ ಕಂಪನಿ 1982ರಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೊಕ್ಯಾಡ್ ಪ್ರೋಗ್ರಾಮನ್ನು ತಂದಾಗ ಅದರ ಜೊತೆ ಡಿಡಬ್ಲ್ಯುಜಿ ಎಂಬ ಕಡತರೂಪವೂ ಬಂತು. ಅದರ ಬೇರು ಮೈಕ್ ರಿಡಲ್ ಅದಕ್ಕೂ ಹಿಂದೆ ಬರೆದಿದ್ದ ಇಂಟರಾಕ್ಟ್ ಎಂಬ ಪ್ರೋಗ್ರಾಮಿನಲ್ಲಿತ್ತು. ಡಿಡಬ್ಲ್ಯುಜಿಯ ಒಳರಚನೆಯನ್ನು ಕಂಪನಿ ಪ್ರಕಟಿಸಲಿಲ್ಲ. ಬೇರೆ ಪ್ರೋಗ್ರಾಮುಗಳ ಜೊತೆ ಕೊಡುಕೊಳ್ಳುವುದಕ್ಕೆಂದು ಡಿಎಕ್ಸ್‌ಎಫ್ ಎಂಬ ಇನ್ನೊಂದು ರೂಪ ಕೊಟ್ಟು ಅದನ್ನಷ್ಟೇ ವಿವರಿಸಿತು. 2000, 2004, 2007, 2010, 2013, 2018 — ಆಟೊಕ್ಯಾಡಿನ ಈ ಆವೃತ್ತಿಗಳಲ್ಲೆಲ್ಲ ಡಿಡಬ್ಲ್ಯುಜಿಯ ರೂಪ ಬದಲಾಯಿತು. ಹೊಸದರಲ್ಲಿ ಬರೆದದ್ದನ್ನು ಹಳೆಯದು ಓದಲಾರದು. ಹಳೆಯದನ್ನು ಹೊಸದು ಓದುತ್ತದೆ. ಯಾವ ರೂಪ ಎಂದು ತಿಳಿಯಲು ತಂತ್ರಜ್ಞರೇ ಬೇಕಿಲ್ಲ. ಫೈಲಿನ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಆರು ಅಕ್ಷರಗಳೇ ಅದರ ಜಾತಕ: ಎಸಿ1015 ಎಂದಿದ್ದರೆ 2000ದ ರೂಪ, ಎಸಿ1021 ಎಂದರೆ 2007, ಎಸಿ1032 ಎಂದರೆ 2018. ಉಳಿದದ್ದು ಕಸದಂತೆ ಕಾಣುತ್ತದೆ. ನೋಡಿ, ಸೇವ್ ಮಾಡದೆ ಮುಚ್ಚಿದರಾಯಿತು.

ಡಿಡಬ್ಲ್ಯುಜಿಯ ಈ ಬೀಗಕ್ಕೆ ಬದಲಿ ಕೀ ಮಾಡುವ ಕೆಲಸವೂ ಶುರುವಾಯಿತು. 1998ರಲ್ಲಿ ಓಪನ್ ಡಿಡಬ್ಲ್ಯುಜಿ ಅಲೈಯನ್ಸ್ ಹುಟ್ಟಿತು. ಈಗ ಅದರ ಹೆಸರು ಓಪನ್ ಡಿಸೈನ್ ಅಲೈಯನ್ಸ್. ಬೈಟಿನ ಮೇಲೆ ಬೈಟು ಇಟ್ಟು ಡಿಡಬ್ಲ್ಯುಜಿಯ ಗುಟ್ಟು ಬಿಡಿಸಿದವರು ಇವರು. 2006ರಲ್ಲಿ ಆಟೊಡೆಸ್ಕ್ ಈ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು, ಮರುವರ್ಷ ರಾಜಿಯಾಯಿತು. ಇವರ ಕೆಲಸದ ಪರಿಣಾಮವಾಗಿ ಇವತ್ತು ಆಟೊಕ್ಯಾಡ್ ಇಲ್ಲದವರೂ ಪುಕ್ಕಟೆ ಪರಿವರ್ತಕದಲ್ಲಿ ಫೈಲನ್ನು ಹಿಂದಿನ ರೂಪಕ್ಕೆ ಇಳಿಸಬಹುದು. ಆಟೊಡೆಸ್ಕ್‌ನದೇ ಆದ ಟ್ರೂವ್ಯೂ ಕೂಡ ಅದನ್ನು ಹಣವಿಲ್ಲದೆ ಮಾಡಿಕೊಡುತ್ತದೆ. ಗೋಡೆ, ಬಾಗಿಲುಗಳನ್ನು ಬರೀ ಗೆರೆಯಾಗಿಡದೆ ‘ವಸ್ತು’ಗಳಾಗಿ ಇಡುವ ಆಟೊಕ್ಯಾಡ್ ಆರ್ಕಿಟೆಕ್ಚರ್ ಆವೃತ್ತಿಯ ಫೈಲುಗಳು ಸಾದಾ ಪ್ರೋಗ್ರಾಮಿನಲ್ಲಿ ಗೋಡೆಯನ್ನೇ ನುಂಗಿಬಿಡುವುದುಂಟು. ಕಳಿಸುವವರು ಎಕ್ಸ್‌ಪೋರ್ಟ್ ಟು ಆಟೊಕ್ಯಾಡ್ ಆಜ್ಞೆ ಕೊಟ್ಟು ಗೆರೆಗಳಾಗಿ ಒಡೆದು ಕಳಿಸಿದರೆ ಅದೂ ಮುಗಿಯಿತು. ಕೆಟ್ಟ ಫೈಲಿಗೆ ರಿಕವರ್, ಆಡಿಟ್ ಎಂಬ ಆಜ್ಞೆಗಳಿವೆ. ಅಲ್ಲಿಗೆ ಆವೃತ್ತಿಯ ಅಧ್ಯಾಯ ಹೆಚ್ಚುಕಡಿಮೆ ಮುಗಿದಂತೆ.

ಮುಗಿಯದೆ ಉಳಿದಿರುವುದು ನಕ್ಷೆಯ ಬಲಬದಿಯ ಕೆಳಮೂಲೆ. ಮಾಲೀಕರ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ಚಕ್ಕುಬಂದಿ ಇರುವುದು ಅಲ್ಲಿ. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ರಸ್ತೆ ಎಂಬುದೆಲ್ಲ ಪಹಣಿ ಮತ್ತು ಕ್ರಯಪತ್ರದಿಂದ ಬರುವುದರಿಂದ ಅದು ಕನ್ನಡದಲ್ಲೇ ಇರುತ್ತದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಕಂಪ್ಯೂಟರುಗಳು ಅದನ್ನು ತೋರಿಸಲು ಕಲಿತದ್ದು ತಡವಾಗಿ. ತುಂಗಾ ಫಾಂಟ್ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದದ್ದು 2001ರಲ್ಲಿ. ಆ ಕಾಲದಲ್ಲಿ ಬರಹ, ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಬೇರೊಂದು ಉಪಾಯ ಹಿಡಿದಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುವ ಉಪಾಯ ಅದು. ಅಂದಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಆ ದಾರಿಯಲ್ಲಿ. ಆದರೆ ಫೈಲಿನೊಳಗೆ ಉಳಿದದ್ದು ಕನ್ನಡವಲ್ಲ. ನುಡಿಯಲ್ಲಿ ‘ಕ’ ಎಂದು ಟೈಪಿಸಿದರೆ ಫೈಲು ಇಟ್ಟುಕೊಳ್ಳುವುದು ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟಿರುವ ಒಂದು ಎ. ‘ನ’ ಎಂದರೆ ಪೌಂಡ್ ಹಣದ ಗುರುತು ಮತ್ತು ಅದೇ ಎ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಅಕ್ಷರ.

ಇದೇ ಫೈಲು ಬೇರೆ ಕಂಪ್ಯೂಟರಿಗೆ ಹೋದಾಗ ಆಟೊಕ್ಯಾಡ್ ಇಲ್ಲದ ಫಾಂಟಿಗೆ ಬದಲಿ ಹುಡುಕುತ್ತದೆ. ಬದಲಿಯಾಗಿ ಸಾಮಾನ್ಯವಾಗಿ ಬರುವುದು ಸಿಂಪ್ಲೆಕ್ಸ್ ಎಂಬ ಗೆರೆಫಾಂಟು, ಅದರಲ್ಲಿ ಕನ್ನಡವೇ ಇಲ್ಲ. ಹೊನ್ನವಳ್ಳಿ ಹೋಬಳಿ ಎಂಬುದು ಪೌಂಡಿನಂಥ ಗುರುತುಗಳ ಸಾಲಾಗುತ್ತದೆ. ಯೂನಿಕೋಡಿನಲ್ಲಿ ಬರೆದವರೂ ಪೂರ್ತಿ ಪಾರಾಗಲಿಲ್ಲ. ಡಿಡಬ್ಲ್ಯುಜಿ ಬರಹವನ್ನು ಯೂನಿಕೋಡಿನಲ್ಲೇ ಇಡಲು ಶುರುಮಾಡಿದ್ದು 2007ರ ರೂಪದಿಂದ. ಅದನ್ನು 2004ಕ್ಕೆ ಇಳಿಸಿದರೆ ‘ಕ’ ಎಂಬ ಒಂದು ಅಕ್ಷರ ಯು, ಪ್ಲಸ್ ಚಿಹ್ನೆ, 0ಸಿ95 ಎಂಬ ಸಂಕೇತವಾಗಿ ಫೈಲಿನಲ್ಲಿ ಕೂರುತ್ತದೆ. ಅದನ್ನು ಬಿಡಿಸಲು ಬಾರದ ಪ್ರೋಗ್ರಾಮು ಹಾಗೇ ತೋರಿಸುತ್ತದೆ. ‘ವರ್ಷನ್ ಇಳಿಸಿ ಕಳಿಸಿ’ ಎನ್ನುವ ನಮ್ಮ ಮಾಮೂಲಿ ಸಲಹೆ ಗೋಡೆಗಳನ್ನು ಉಳಿಸಿ ಚಕ್ಕುಬಂದಿಯನ್ನು ಕಳೆಯುವುದು ಹೀಗೆ.

ಸರಿಪಡಿಸುವ ದಾರಿ ಇದೆ, ತಾಳ್ಮೆ ಬೇಕು. ಹಳೆಯ ನುಡಿ ಬರಹವಿರುವ ನಕ್ಷೆಯನ್ನು 2007 ಅಥವಾ ಅದರ ನಂತರದ ರೂಪದ ಡಿಎಕ್ಸ್‌ಎಫ್ ಆಗಿ ಸೇವ್ ಮಾಡಬೇಕು. ಡಿಎಕ್ಸ್‌ಎಫ್ ಬರೀ ಪಠ್ಯ: ಒಂದು ಸಾಲಿನಲ್ಲಿ ಸಂಖ್ಯೆ, ಮುಂದಿನ ಸಾಲಿನಲ್ಲಿ ಅದರ ಬೆಲೆ. 1 ಎಂಬ ಸಂಖ್ಯೆಯ ಕೆಳಗೆ ಬರುವುದು ನಕ್ಷೆಯ ಮೇಲಿನ ಬರಹ, 7ರ ಕೆಳಗೆ ಆ ಬರಹದ ಶೈಲಿಯ ಹೆಸರು. ನುಡಿ ಶೈಲಿಯ ಸಾಲುಗಳನ್ನಷ್ಟೇ ಆರಿಸಿ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟು, ಯೂನಿಕೋಡ್ ಆದದ್ದನ್ನು ಅಲ್ಲೇ ಕೂರಿಸಿ, ಶೈಲಿಯ ಪಟ್ಟಿಯಲ್ಲಿ ಫಾಂಟನ್ನು ತುಂಗಾದಂಥ ಯೂನಿಕೋಡ್ ಫಾಂಟಿಗೆ ಬದಲಿಸಬೇಕು. ಶೈಲಿ ನೋಡದೆ ಎಲ್ಲವನ್ನೂ ಪರಿವರ್ತಿಸಿದರೆ ‘ಬೆಡ್ ರೂಮ್’ ಎಂದು ಇಂಗ್ಲಿಷಿನಲ್ಲಿ ಬರೆದದ್ದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಎಂ-ಟೆಕ್ಸ್ಟ್ ಎಂಬ ಬಹುಸಾಲಿನ ಬರಹ ತನ್ನೊಳಗೇ ಫಾಂಟಿನ ಹೆಸರನ್ನು ಬಚ್ಚಿಟ್ಟುಕೊಂಡಿರುವುದುಂಟು, ಅದನ್ನೂ ತೆಗೆಯಬೇಕು. ಬರಹವನ್ನು ಗೆರೆಗಳಾಗಿ ಒಡೆದುಬಿಡುವ ಸುಲಭದ ದಾರಿಯೊಂದಿದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಆಮೇಲೆ ಮಾಲೀಕರ ಹೆಸರು ತಿದ್ದಲೂ ಆಗದು, ಹುಡುಕಲೂ ಆಗದು. ಪ್ರಿಂಟಿಗೆ ಮಾತ್ರ ಅದು ಸರಿ.

ಇಷ್ಟೆಲ್ಲ ಯಾಕೆ, ಇಂಗ್ಲಿಷಿನಲ್ಲೇ ಬರೆದರಾಯಿತಲ್ಲ ಎನ್ನುವವರಿದ್ದಾರೆ. ತಾಂತ್ರಿಕವಾಗಿ ಅವರ ಮಾತು ಸರಿ. ಆದರೆ ನಕ್ಷೆಯನ್ನು ಓದುವವರು ಇಂಜಿನಿಯರ್ ಒಬ್ಬರೇ ಅಲ್ಲ. ತನ್ನ ನಿವೇಶನದ ನಾಲ್ಕು ದಿಕ್ಕು ಸರಿಯಿದೆಯೇ ಎಂದು ಸಹಿ ಹಾಕುವ ಮುನ್ನ ನೋಡಬೇಕಾದವರು ಮನೆಯ ಯಜಮಾನರು. ಪಹಣಿಯಲ್ಲಿ ಒಂದು, ನಕ್ಷೆಯಲ್ಲಿ ಇಂಗ್ಲಿಷಿಗೆ ಇಳಿದ ಇನ್ನೊಂದು ಹೆಸರು ಬಂದರೆ ವ್ಯಾಜ್ಯಕ್ಕೆ ಬೇರೆ ಕಾರಣ ಬೇಕಿಲ್ಲ. ಪಿಡಿಎಫ್ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಫಾಂಟನ್ನು ಒಳಗೇ ಇಟ್ಟುಕೊಂಡ ಪಿಡಿಎಫ್ ಒಳ್ಳೆಯ ಸಾಕ್ಷಿ, ಇರಲೇಬೇಕು. ಆದರೆ ಅಟ್ಟದ ತೊಲೆಯ ಮೇಲೆ ಹೊಸ ಅಂತಸ್ತಿನ ಲೆಕ್ಕ ಹಾಕುವವರಿಗೆ ಅದರಿಂದ ಅರ್ಧ ಕೆಲಸ. ಹೊಸ ಸಾಫ್ಟ್‌ವೇರ್ ಕೊಂಡರೆ ಸಾಕು ಎಂಬ ಮಾತಂತೂ ದುಬಾರಿಯೂ ಹೌದು, ತಪ್ಪೂ ಹೌದು. 2016ರಿಂದ ಆಟೊಕ್ಯಾಡನ್ನು ಒಂದು ಸಲ ಕೊಂಡು ಇಟ್ಟುಕೊಳ್ಳುವಂತಿಲ್ಲ, ಬಾಡಿಗೆಯಂತೆ ಚಂದಾ ಕಟ್ಟುತ್ತಿರಬೇಕು. ಚಂದಾ ಕಟ್ಟಿದ ಹೊಸ ಆಟೊಕ್ಯಾಡ್ ಕೂಡ ನುಡಿ ಫಾಂಟ್ ಇಲ್ಲದ ಕಡೆ ಅದೇ ಪೌಂಡಿನ ಗುರುತನ್ನೇ ತೋರಿಸುತ್ತದೆ.

ತಿಪಟೂರಿನ ನಗರಸಭೆಯಾಗಲಿ, ಚಿಕ್ಕನಾಯಕನಹಳ್ಳಿಯ ಪುರಸಭೆಯಾಗಲಿ, ತುರುವೇಕೆರೆಯ ಪಟ್ಟಣ ಪಂಚಾಯಿತಿಯಾಗಲಿ ನಕ್ಷೆಯಲ್ಲಿನ ಕನ್ನಡ ಯೂನಿಕೋಡಿನಲ್ಲೇ ಇರಬೇಕು ಎಂದು ಒಂದು ಸಾಲಿನ ಷರತ್ತು ಹಾಕಿದರೆ ಡ್ರಾಫ್ಟಿಂಗ್ ಅಂಗಡಿಗಳು ತಾವಾಗಿಯೇ ದಾರಿಗೆ ಬರುತ್ತವೆ. ಅಲ್ಲಿಯವರೆಗೆ ಮನೆ ಕಟ್ಟಿಸುವವರು ಕೊನೆಯ ಕಂತು ಕೊಡುವ ಮುನ್ನ ತಮ್ಮ ಇಂಜಿನಿಯರ್ ಹತ್ತಿರ ಮೂರು ಫೈಲು ಕೇಳಿ ಪಡೆಯಲಿ: ಡಿಡಬ್ಲ್ಯುಜಿ, ಡಿಎಕ್ಸ್‌ಎಫ್, ಪಿಡಿಎಫ್. ಪಡೆದ ಮೇಲೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆಸಿ, ಚಕ್ಕುಬಂದಿಯ ಸಾಲು ಓದಲು ಬರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.